ಚಿನ್ನದ ಬುದ್ಧ ನಮ್ಮ ಜಿಲ್ಲೆಯವನೇ!

'ಕುಶಾಲನಗರದ ಗೋಲ್ಡನ್ ಟೆಂಪಲ್‌ಗೆ ಯಾವ ಬಸ್ಸು?' ಮೈಸೂರು ಬಸ್ ನಿಲ್ದಾಣದಲ್ಲಿ ಹೊರಊರಿನವರು ಕೇಳುವುದೇ ಹೀಗೆ. ಸ್ವಾಮಿ, ಕುಶಾಲನಗರ ಇರುವುದು ಕಾವೇರಿಯ ಆಚೆ ದಡದಲ್ಲಿ, ಅದು ಕೊಡಗು. ಗುಡಿ ಇರುವುದು ಈಚೆ ದಡದ ಬೈಲಕುಪ್ಪೆಯಲ್ಲಿ. ಪಿರಿಯಾಪಟ್ಟಣ ತಾಲ್ಲೂಕು, ಅಪ್ಪಟ ಮೈಸೂರು ಜಿಲ್ಲೆ! ಮಡಿಕೇರಿ ಬಸ್ಸಿನವರು ಸೇತುವೆ ದಾಟುವ ಮೊದಲೇ ಕೊಪ್ಪದಲ್ಲಿ ಇಳಿದು ಆಟೋ ಹಿಡಿದರಾಯಿತು.

ಒಳಗೆ ಹೋದವರಿಗೆ ಕತ್ತು ನೋವು ಖಂಡಿತ. ನಡುವೆ 60 ಅಡಿಯ ಬುದ್ಧ, ಅಕ್ಕಪಕ್ಕ 58 ಅಡಿಯ ಪದ್ಮಸಂಭವ ಮತ್ತು ಅಮಿತಾಯು. ತಾಮ್ರದ ಮೈ, ಚಿನ್ನದ ಲೇಪ. ಇಷ್ಟು ವೈಭವ ಬಂದದ್ದು 1999ರಲ್ಲಿ. 1959ರಲ್ಲಿ ಟಿಬೆಟ್ ಬಿಟ್ಟು ಓಡಿಬಂದವರಿಗೆ ಅಂದಿನ ಮೈಸೂರು ಸರ್ಕಾರ ಇಲ್ಲಿ ಕೊಟ್ಟ ನೆಲವೆಲ್ಲ ಕಾಡು. ಕಾಡು ಕಡಿದರು, ಮುಸುಕಿನ ಜೋಳ ಬಿತ್ತಿದರು. ಚಳಿಗಾಲಕ್ಕೆ ನಮ್ಮ ಪೇಟೆ ಬೀದಿಗಳಲ್ಲಿ ಸ್ವೆಟರ್ ಹರಡಿಕೊಂಡು ಕೂತರು. 1963ರಲ್ಲಿ ಪೆನೋರ್ ರಿಂಪೋಚೆಯವರು ನಾಮ್‌ಡ್ರೋಲಿಂಗ್ ಮಠ ಶುರು ಮಾಡಿದಾಗ ಇದ್ದದ್ದು ಬಿದಿರಿನ ಗುಡಿ.

ಈಗ ಅದು ಪಿಕ್ನಿಕ್ ಜಾಗವಾಗಿರುವುದೇ ಪೇಚು. ಭಿಕ್ಷುಗಳು ಡೋಲು ಬಡಿದು ಪ್ರಾರ್ಥನೆಗೆ ಕೂತಿದ್ದರೆ ನಮ್ಮವರು ಅವರಿಗೇ ಬೆನ್ನು ತಿರುಗಿಸಿ ಸೆಲ್ಫಿ ತೆಗೀತಾರೆ, ಕಿರುಚಾಡ್ತಾರೆ. ನಮ್ಮೂರ ಗುಡಿಯಲ್ಲಿ ಮಂಗಳಾರತಿ ಹೊತ್ತಿಗೆ ಹೀಗೆ ಮಾಡಿದರೆ ಅರ್ಚಕರು ಬಿಟ್ಟಾರೆಯೇ? ಪಾಪ, ಭಿಕ್ಷುಗಳು ತಲೆ ಎತ್ತುವುದಿಲ್ಲ.

ಪ್ರಾರ್ಥನಾ ಚಕ್ರ ತಿರುಗಿಸುವ ಆಸೆಯಿದ್ದರೆ ಗಡಿಯಾರದ ಮುಳ್ಳಿನಂತೆ ತಿರುಗಿಸಿ, ನಮ್ಮ ಪ್ರದಕ್ಷಿಣೆಯ ಹಾಗೇ. ಹೊರಗೆ ಬಂದ ಮೇಲೆ ಮೊಮೊ ತಿನ್ನಿ, ಬೇಕಾದಷ್ಟು ಹರಟಿ. ಯಾರು ಬೇಡ ಅಂತಾರೆ?