‘ಓ’ ಅಂದವರೆಲ್ಲ ನಮ್ಮವರಲ್ಲ

ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಐದು ತೇರು ರಥಬೀದಿಗೆ ಇಳಿಯುವ ಹೊತ್ತಿಗೆ ಮೊಬೈಲ್ ಡೇಟಾ ತೆವಳತೊಡಗುತ್ತದೆ. ಒಂದೊಂದು ಟವರಿಗೂ ಸಾವಿರಾರು ಫೋನು ಜೋತುಬಿದ್ದಿರುತ್ತವೆ. ಟಿ. ನರಸೀಪುರದ ಸಂಗಮದಲ್ಲಿ 1989ರಲ್ಲಿ ಶುರುವಾದ ಕುಂಭಮೇಳಕ್ಕೆ ಹೋದರೂ ಇದೇ ಪಾಡು. ಅಂಥ ಗದ್ದಲದಲ್ಲಿ ಯಾರಾದರೂ ‘ಫ್ರೀ ವೈಫೈ ಸಿಕ್ತಾ ಅದೆ ಕಣ್ಲಾ’ ಅಂದರೆ ಕೈ ಸುಮ್ಮನಿರುತ್ತದೆಯೇ?

ಜಾತ್ರೆಯಲ್ಲಿ ಮಗು ತಪ್ಪಿಸಿಕೊಂಡರೆ ಹೆಸರು ಹಿಡಿದು ಕೂಗುತ್ತೇವೆ. ‘ಓ’ ಅಂದದ್ದು ಬೇರೆ ಮಗುವಾದರೆ ಮುಖ ನೋಡಿದೊಡನೆ ಗೊತ್ತಾಗುತ್ತದೆ. ಫೋನಿಗೆ ಈ ಮುಖ ನೋಡುವ ವಿದ್ಯೆ ಇಲ್ಲ. ಪಾಸ್‌ವರ್ಡ್ ಇಲ್ಲದ ವೈಫೈಗೆ ಒಮ್ಮೆ ಸೇರಿದರೆ ಅದು ನೆನಪಿಡುವುದು ಹೆಸರನ್ನು. ಆಟೋ ಕನೆಕ್ಟ್ ಚಾಲೂ ಇದ್ದರೆ, ಮುಂದೆ ಅದೇ ಹೆಸರು ಕಂಡಲ್ಲೆಲ್ಲ ಯಾವ ಊರೆಂದೂ ಕೇಳದೆ ಸೇರಿಕೊಳ್ಳುತ್ತದೆ. ಆ ಹೆಸರನ್ನು ಯಾರು ಬೇಕಾದರೂ ತಮ್ಮ ಹಾಟ್‌ಸ್ಪಾಟಿಗೆ ಇಟ್ಟುಕೊಳ್ಳಬಹುದು.

ಹಾಗೆ ಸಿಕ್ಕಿಬಿದ್ದರೆ ಬ್ಯಾಂಕಿನ ದುಡ್ಡು ಗಾಳಿಯಲ್ಲೇ ಹಾರಿಹೋಗುತ್ತದೆ ಎಂಬ ಭಯ ಅತಿಯಾದದ್ದು. ಬ್ಯಾಂಕ್ ಮತ್ತು ಯುಪಿಐ ಆ್ಯಪ್‌ಗಳು ಮಾಹಿತಿಯನ್ನು ಗೂಢಲಿಪಿಯಲ್ಲೇ ಕಳಿಸುತ್ತವೆ. ಹೆದರಬೇಕಾದದ್ದು ಸೇರಿದೊಡನೆ ತೆರೆದುಕೊಳ್ಳುವ ಪುಟಕ್ಕೆ. ರೈಲು ನಿಲ್ದಾಣಗಳ ‘ರೈಲ್‌ವೈರ್’ ವೈಫೈ, ಮೊಬೈಲ್ ನಂಬರು, ಒಟಿಪಿ ಇಷ್ಟನ್ನೇ ಕೇಳಿ ಅರ್ಧ ಗಂಟೆ ಪುಕ್ಕಟೆ ಕೊಡುತ್ತದೆ. ಪುಕ್ಕಟೆ ಅನ್ನುತ್ತಲೇ ಕಾರ್ಡಿನ ನಂಬರನ್ನೋ ಪಿನ್ನನ್ನೋ ಕೇಳುವ ಪುಟ ಮೋಸದ್ದು.

ಮನೆ, ಅಂಗಡಿಗಳಲ್ಲಿ ಪಾಸ್‌ವರ್ಡ್ ಇರುತ್ತದೆ, ನಿಜ. ಎಷ್ಟೋ ಕಡೆ ಅದು ಯಜಮಾನರ ಮೊಬೈಲ್ ನಂಬರೇ! 2004ರಿಂದ ಬಳಕೆಯಲ್ಲಿರುವ ಡಬ್ಲ್ಯುಪಿಎ2 ಎಂಬ ವೈಫೈ ಭದ್ರತಾ ಪದ್ಧತಿಯಲ್ಲಿ ಫೋನು ಪಾಸ್‌ವರ್ಡನ್ನು ಬಾಯಿಬಿಟ್ಟು ಹೇಳುವುದಿಲ್ಲ. ಅದರಿಂದ ಹುಟ್ಟಿದ ಲೆಕ್ಕದ ಉತ್ತರವನ್ನು ತೋರಿಸುತ್ತದೆ. ಆ ಉತ್ತರವನ್ನು ಹಿಡಿದುಕೊಂಡವನು ಮನೆಯಲ್ಲಿ ಕೂತು, ಒಂದೊಂದೇ ಪಾಸ್‌ವರ್ಡ್ ಹಾಕಿ ತಾಳೆ ನೋಡಬಹುದು. 6, 7, 8, 9ರಿಂದ ಶುರುವಾಗುವ ಹತ್ತಂಕಿಯ ಸಂಖ್ಯೆಗಳು ಒಟ್ಟು 400 ಕೋಟಿ. ಸೆಕೆಂಡಿಗೆ 5 ಲಕ್ಷ ತಾಳೆ ನೋಡುವ ಗ್ರಾಫಿಕ್ಸ್ ಕಾರ್ಡಿಗೆ ಅಷ್ಟನ್ನೂ ಮುಗಿಸಲು ಎರಡೂಕಾಲು ಗಂಟೆ ಸಾಕು. 2018ರಲ್ಲಿ ಬಂದ ಡಬ್ಲ್ಯುಪಿಎ3 ಈ ಕಳ್ಳದಾರಿ ಮುಚ್ಚಿತು. ಪ್ರತಿ ಊಹೆಗೂ ರೂಟರಿನ ಎದುರೇ ನಿಲ್ಲಬೇಕು. ರೂಟರು ಹಳೆಯದಾದರೆ ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಪದ ಜೋಡಿಸಿ. ಬರೀ ‘ರಸಬಾಳೆ’ ಬೇಡ, ನಂಜನಗೂಡಿನಲ್ಲಿ ಅದನ್ನು ಊಹಿಸದವರು ಯಾರು?

ಮುಂದಿನ ಜಾತ್ರೆಗೆ ಹೊರಡುವ ಮುನ್ನ ಫೋನು ನೆನಪಿಟ್ಟುಕೊಂಡಿರುವ ಹಳೆಯ ವೈಫೈ ಹೆಸರುಗಳನ್ನು ಅಳಿಸಿ. ದುಡ್ಡು ಹೋಗಿಯೇಬಿಟ್ಟರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.