ಒಂದು ಹೆಸರು, ನಾಲ್ಕು ರೂಪ

ಫರ್ಡಿನಾಂಡ್ ಕಿಟ್ಟೆಲ್ಲರನ್ನು ನಾವು ನಿಘಂಟುಕಾರರೆಂದೇ ಬಲ್ಲೆವು. ಅವರು 1875ರಲ್ಲಿ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಲಿಂಗಾಯತರ ಏಳು ಐತಿಹ್ಯಗಳನ್ನು ಕುರಿತು ಬರೆದಿದ್ದರು. ಆಮೇಲೆ ಹೊರನಾಡಿನ ವಿದ್ವಾಂಸರು ಈ ವಿಷಯದಲ್ಲಿ ಏನೇನು ಬರೆದರೆಂದು ತಿಳಿಯುವ ಆಸೆಯಿಂದ ಮೊನ್ನೆ ಸಂಜೆ ಗಣಕಯಂತ್ರದ ಮುಂದೆ ಕುಳಿತೆ.

ಧರ್ಮ, ದೇವತಾಶಾಸ್ತ್ರಗಳ ವಿದ್ವತ್ಪತ್ರಿಕೆಗಳಿಗೆ ಈಗ ಅಂತರಜಾಲದಲ್ಲಿಯೇ ದೊಡ್ಡ ಸೂಚಿಗಳಿವೆ. ಅಮೆರಿಕದ ಗ್ರಂಥಪಾಲಕರು 1949ರ ಲೇಖನಗಳಿಂದ ಮೊದಲುಮಾಡಿ ಅಚ್ಚುಹಾಕಿಸಿದ ಸೂಚಿಯೇ ಬೆಳೆದು ಇಂದಿನ ‘ಅಟ್ಲಾ’ ಭಂಡಾರವಾಯಿತು. ಅದನ್ನು ನೋಡಲು ಚಂದಾ ತೆತ್ತ ಗ್ರಂಥಾಲಯದ ಆಸರೆ ಬೇಕು. ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾಲಯದವರ ‘ಇಂಡೆಕ್ಸ್ ಥಿಯಾಲಾಜಿಕಸ್’ ಸೂಚಿಯಾದರೋ ಎಲ್ಲರಿಗೂ ಉಚಿತ. ಕಿಟ್ಟೆಲ್ 1903ರಲ್ಲಿ ಕಣ್ಣುಮುಚ್ಚಿದ್ದೂ ಅದೇ ಟ್ಯೂಬಿಂಗೆನ್ನಿನಲ್ಲಿ!

ನನ್ನ ತೊಡಕು ಹಣದ್ದಲ್ಲ, ಕಾಗುಣಿತದ್ದು. ಕನ್ನಡದಲ್ಲಿ ‘ವೀರಶೈವ’ ಎಂಬುದು ಒಂದೇ ಬಗೆ. ರೋಮನ್ ಲಿಪಿಗೆ ಹೋದೊಡನೆ ‘ವೀ’ ಎಂಬಲ್ಲಿ ಒಬ್ಬರು ‘ಐ’ ಬರೆಯುತ್ತಾರೆ, ಇನ್ನೊಬ್ಬರು ಎರಡು ‘ಇ’. ‘ಶೈ’ ಎಂಬಲ್ಲಿ ಒಬ್ಬರಿಗೆ ಬರಿಯ ‘ಎಸ್’, ಮತ್ತೊಬ್ಬರಿಗೆ ಜೊತೆಗೊಂದು ‘ಎಚ್’. ಸೂಚಿಕಾರರು ವಿಷಯದ ಹೆಸರನ್ನು ಬೇರೆಯಾಗಿ ನಮೂದಿಸಿದ್ದರೆ ಬದುಕಿದೆವು. ಇಲ್ಲವಾದರೆ ಯಂತ್ರ ಅಕ್ಷರವನ್ನು ನೋಡೀತೇ ಹೊರತು ಉಚ್ಚಾರವನ್ನು ಕೇಳದು. ಒಂದು ರೂಪಕ್ಕೆ ದೊರೆತ ಲೇಖನಗಳು ಇನ್ನೊಂದಕ್ಕೆ ನನಗೆ ದೊರೆಯಲಿಲ್ಲ.

ಎದೆ ಧಸಕ್ಕೆಂದಿತು. ನನ್ನ ವಿದ್ಯಾರ್ಥಿಯೊಬ್ಬ ಹೋದ ವರ್ಷ ಒಂದೇ ರೂಪವನ್ನು ಹುಡುಕಿ, ತಾನು ಆರಿಸಿದ ವಿಷಯದಲ್ಲಿ ಯಾರೂ ಬರೆದಿಲ್ಲವೆಂದು ಪ್ರಬಂಧದ ಪೀಠಿಕೆಯಲ್ಲಿ ಘೋಷಿಸಿಬಿಟ್ಟಿದ್ದ. ನಾನು ಮೆಚ್ಚಿ ಸಹಿ ಹಾಕಿದ್ದೆ. ಪ್ರಬಂಧ ಇನ್ನೂ ಅಚ್ಚಾಗಿಲ್ಲ, ಪುಣ್ಯ. ನಾಲ್ಕು ರೂಪಗಳನ್ನೂ, ‘ಲಿಂಗಾಯತ’ ಪದದ ರೂಪಗಳನ್ನೂ ಒಂದು ಹಾಳೆಯಲ್ಲಿ ಬರೆದು ನಿನ್ನೆ ಅವನಿಗೆ ಕಳುಹಿಸಿದ್ದೇನೆ. ತಪ್ಪು ನನ್ನದೂ ಹೌದೆಂದು ಕೆಳಗೆ ಸೇರಿಸಿದ್ದೇನೆ.