ಹಳೆಯ ಗಣಕಯಂತ್ರದ ಕಣ್ಣೂ ಕಂಠವೂ

ಮನೆಯ ದೂರದರ್ಶನದ ಪೆಟ್ಟಿಗೆಗೆ ಜೋಡಿಸಿ ಉಪಯೋಗಿಸಬಹುದಾದ ‘ಕಮೊಡೋರ್ ೬೪’ ಎಂಬ ಗಣಕಯಂತ್ರವು ೧೯೮೨ರಲ್ಲಿ ಅಮೆರಿಕಾ ದೇಶದಲ್ಲಿ ಮಾರಾಟಕ್ಕೆ ಬಂದಿತು. ಅದರ ಎಣಿಕೆಯ ಚಿಪ್ ಸೆಕೆಂಡಿಗೆ ಸುಮಾರು ಹತ್ತು ಲಕ್ಷ ಮಿಡಿತಗಳಷ್ಟೇ ವೇಗವುಳ್ಳದ್ದು; ಇಂದಿನವುಗಳೆದುರು ಆಮೆಯ ನಡೆ. ಅಂಥ ಯಂತ್ರವು ಬಣ್ಣದ ಚಿತ್ರಗಳನ್ನು ಓಡಾಡಿಸುತ್ತ ಸಂಗೀತವನ್ನೂ ನುಡಿಸಿದ್ದು ಹೇಗೆಂದು ವಾಚಕರು ಕೇಳಬಹುದು. ಗೃಹಿಣಿಯರು ಬಲ್ಲ ಉಪಾಯವೇ ಅದು: ಕೆಲಸದ ಹಂಚಿಕೆ. ಚಿತ್ರಕ್ಕೊಂದು, ಧ್ವನಿಗೊಂದು, ಹೀಗೆ ಎರಡು ವಿಶೇಷ ಚಿಪ್‌ಗಳನ್ನು ಅದರಲ್ಲಿ ಇರಿಸಿದ್ದರು.

ಚಿತ್ರದ ಚಿಪ್ಪಿಗೆ ‘ವಿಕ್-೨’ ಎಂದು ಹೆಸರು. ಅದು ಹಿನ್ನೆಲೆಯನ್ನು ಕೆಡಿಸದೆ ಎಂಟು ಆಕೃತಿಗಳನ್ನು ತೆರೆಯ ಮೇಲೆ ತೇಲಿಸಬಲ್ಲದು. ಒಂದೊಂದೂ ಅಡ್ಡಕ್ಕೆ ೨೪, ಉದ್ದಕ್ಕೆ ೨೧ ಚುಕ್ಕೆಗಳ ರಂಗವಲ್ಲಿ. ಈ ಸೌಕರ್ಯವಿಲ್ಲದಿದ್ದಲ್ಲಿ, ಹಕ್ಕಿಯೊಂದು ಹಾರಬೇಕಾದರೆ ಎಣಿಕೆಯ ಚಿಪ್ ಹಳೆಯ ಹಕ್ಕಿಯನ್ನು ಅಳಿಸಿ, ಅಲ್ಲಿಯ ಆಕಾಶವನ್ನು ಮತ್ತೆ ಬರೆದು, ಹೊಸ ಎಡೆಯಲ್ಲಿ ಹಕ್ಕಿಯನ್ನು ಚಿತ್ರಿಸಬೇಕಾಗುತ್ತಿತ್ತು. ವಿಕ್-೨ಕ್ಕಾದರೋ ಸ್ಥಾನದ ಸಂಖ್ಯೆಗಳನ್ನು ತಿಳಿಸಿದರೆ ಸಾಕು. ಒಂದೇ ಬಾವಿಯಲ್ಲಿ ಇಬ್ಬರು ಸರದಿಯಂತೆ ನೀರು ಸೇದುವ ಹಾಗೆ, ಒಂದೇ ಸ್ಮೃತಿಭಂಡಾರವನ್ನು ಇವೆರಡೂ ಬಹುಮಟ್ಟಿಗೆ ಪ್ರತಿ ಮಿಡಿತದಲ್ಲಿ ಅರ್ಧರ್ಧ ಹಂಚಿಕೊಳ್ಳುತ್ತಿದ್ದವು.

ರಾಬರ್ಟ್ ಯಾನೆಸ್ ಎಂಬವರು ರಚಿಸಿದ ಧ್ವನಿಯ ಚಿಪ್ ‘ಸಿಡ್’. ಅದಕ್ಕೆ ಮೂರು ಕಂಠಗಳು. ಒಂದೊಂದಕ್ಕೂ ನಾಲ್ಕು ಬಗೆಯ ನಾದತರಂಗಗಳು. ಸ್ವರವು ಏರುವ, ತುಸು ಇಳಿಯುವ, ನಿಲ್ಲುವ, ಅಡಗುವ ಕ್ರಮವನ್ನು ಬೇರೆಬೇರೆಯಾಗಿ ಗೊತ್ತುಪಡಿಸಬಹುದಾದುದರಿಂದ ಅದು ಬರಿಯ ಕೂಗಾಗದೆ ವಾದ್ಯದ ನುಡಿಯಂತೆ ಕೇಳಿಸುತ್ತಿತ್ತು. ಒಂದು ದೋಷವೂ ಇತ್ತು: ಧ್ವನಿಯನ್ನು ಹೆಚ್ಚು ಕಡಮೆ ಮಾಡುವಾಗ ‘ಟಿಕ್’ ಎಂಬ ಸದ್ದು ಏಳುತ್ತಿತ್ತು. ಚತುರರು ಆ ಸದ್ದನ್ನೇ ಅತಿವೇಗದಿಂದ ಎಬ್ಬಿಸಿ ಡೋಲಿನ ಪೆಟ್ಟನ್ನೂ ಮನುಷ್ಯನ ಮಾತನ್ನೂ ನುಡಿಸಿದರು! ಮುಂದೆ ತಯಾರಕರು ದೋಷವನ್ನು ತಿದ್ದಲಾಗಿ, ಹೊಸ ಚಿಪ್‌ಗಳಲ್ಲಿ ಆ ಮಾತು ಕ್ಷೀಣಿಸಿತು.

ಕಮೊಡೋರ್ ಸಂಸ್ಥೆಯು ೧೯೯೪ರಲ್ಲಿ ದಿವಾಳಿಯಾಯಿತು. ಮೂಲ ಚಿಪ್‌ಗಳ ತಯಾರಿಕೆ ನಿಂತು ಬಹುಕಾಲವಾಯಿತು; ಉಳಿದವು ಒಂದೊಂದಾಗಿ ಕೆಡುತ್ತಲಿವೆ. ಇಂದಿನ ಯಂತ್ರಗಳು ಸಿಡ್‌ನ ನಾದವನ್ನು ಅನುಕರಿಸಬಲ್ಲವು, ನಿಜ. ಆದರೆ ಅದರಲ್ಲಿ ನಾದವನ್ನು ಸೋಸುವ ಭಾಗವು ಸಂಖ್ಯೆಗಳಿಂದಲ್ಲದೆ ವಿದ್ಯುತ್ತಿನ ಹರಿವಿನಿಂದಲೇ ನಡೆಯುವಂಥದು. ತಯಾರಿಕೆಯ ಕಿಂಚಿತ್ ವ್ಯತ್ಯಾಸದಿಂದ ಒಂದು ಚಿಪ್ ನುಡಿದಂತೆ ಮತ್ತೊಂದು ನುಡಿಯದು. ಆದುದರಿಂದ ಒಂದು ಚಿಪ್ ಕೆಟ್ಟಿತೆಂದರೆ ಒಂದು ಕಂಠವೇ ಅಡಗಿದಂತೆ. ಹೊರನಾಡುಗಳಲ್ಲಿ ನೆಲಸಿದ ನಮ್ಮವರ ಅಟ್ಟದ ಮೇಲೆ ಅಂಥ ಪೆಟ್ಟಿಗೆಯಿದ್ದರೆ, ಗುಜರಿಗೆ ಹಾಕುವ ಮುನ್ನ ಬಲ್ಲವರಿಗೆ ತೋರಿಸುವುದು ಒಳಿತು.